ನಮ್ಮ ಮನೆಯ ಮಕ್ಕಳೂ ಹಿರಿಯವಳ ಒಂದು ತಾಸೂ

ಈ ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದು ಕಳುಹಿಸಬೇಕೆಂದು ಸಂಪಾದಕವರ್ಗದವರು ಹಳೆಯ ವಿದ್ಯಾರ್ಥಿನಿಯರಿಗೆ ಅಪ್ಪಣೆ ಮಾಡಿದಾಗ, ನಾವು ಬರೆಯತಕ್ಕದ್ದೇನಿದೆ ಎಂದು ಮೊದಲು ಸಂಕೋಚಪಟ್ಟೆವು. ನಮ್ಮೊಡನೆ ಓದಿದ ಸೋದರಿಯರಲ್ಲಿ ವೈದ್ಯರಾದವರಿದ್ದಾರೆ, ಉಪಾಧ್ಯಾಯಿನಿಯರಾದವರಿದ್ದಾರೆ, ಪರದೇಶಗಳನ್ನು ಕಂಡುಬಂದವರೂ ಇದ್ದಾರೆ. ಮೂರು ಮಕ್ಕಳಿರುವ ಮನೆಯೊಂದನ್ನು ಬಿಟ್ಟರೆ ನಮಗೆ ಬೇರೆ ದೇಶಸಂಚಾರವಿಲ್ಲ. ಆದರೂ ಆ ಮನೆಯೊಳಗೆ ದಿನಬೆಳಗಾದರೆ ನಡೆಯುವ ಸಂಗತಿಗಳು ಅಲ್ಪವಲ್ಲವಾದುದರಿಂದ, ಅವುಗಳನ್ನೇ ಬರೆಯಲು ಧೈರ್ಯಮಾಡಿದ್ದೇವೆ. ಮಕ್ಕಳೊಂದಿಗರಾದ ಸೋದರಿಯರು ಓದಿ ನಕ್ಕರೆ ನಮಗೆ ಸಂತೋಷವೇ.

ಹೈಸ್ಕೂಲಿನಲ್ಲಿದ್ದಾಗ ‘ಅಚ್ಚುಕಟ್ಟಾದ ಮನೆ’ ಎಂಬ ವಿಷಯವಾಗಿ ನಾವೆಲ್ಲರೂ ಪ್ರಬಂಧ ಬರೆದುದು ಅನೇಕರಿಗೆ ನೆನಪಿರಬಹುದು. ಒಂದೊಂದು ವಸ್ತುವಿಗೂ ಒಂದೊಂದು ಸ್ಥಳ, ಒಂದೊಂದು ಕೆಲಸಕ್ಕೂ ಒಂದೊಂದು ವೇಳೆ ಎಂದು ಬಹು ಗಂಭೀರವಾಗಿ ಬರೆದಿದ್ದೆವು. ಆ ಪ್ರಬಂಧದಲ್ಲಿ ಮಕ್ಕಳಿರಲಿಲ್ಲ.

ಮಂಗಳೂರಿನ ಹೊರಭಾಗದಲ್ಲಿರುವ ನಮ್ಮ ಹಂಚಿನ ಮನೆಯಲ್ಲಿ ಈಗ ಆರು ಮಂದಿ: ಅತ್ತೆಯವರು, ನಮ್ಮ ಯಜಮಾನರು, ನಾವು, ಹತ್ತು ವರ್ಷದ ಹಿರಿಯವಳು, ಐದು ವರ್ಷದ ನಡುವಿನವನು, ಹನ್ನೊಂದು ತಿಂಗಳ ಕೂಸು. ಇವರಲ್ಲದೆ ಒಂದು ಬೆಕ್ಕು ಇದೆ. ಅದು ನಮ್ಮದಲ್ಲವೆಂದು ಎಲ್ಲರೂ ಹೇಳುತ್ತಾರೆ; ಎಲ್ಲರೂ ಅದಕ್ಕೆ ಮೀನಿನ ತಲೆಯನ್ನು ಹಾಕುತ್ತಾರೆ.

ಬೆಳಗಿನ ಐದೂವರೆಯಿಂದ ಏಳೂಮುಕ್ಕಾಲರವರೆಗಿನ ಹೊತ್ತನ್ನು ವರ್ಣಿಸಲು ನಮ್ಮಲ್ಲಿ ಶಕ್ತಿಯಿಲ್ಲ. ಒಂದು ಕಡೆ ಹಂಡೆಯ ಒಲೆಗೆ ತುರುಕಿದ ತೆಂಗಿನ ಸಿಪ್ಪೆ ಹಸಿಯಾಗಿ ಹೊಗೆಯಾಡುತ್ತದೆ. ಇನ್ನೊಂದು ಕಡೆ ಕಾವಲಿಯ ಮೇಲಿನ ದೋಸೆ ಕರಗುತ್ತದೆ. ಕಾಲುಚೀಲ ಎರಡಿರಬೇಕಾದಲ್ಲಿ ಒಂದೇ ಸಿಕ್ಕುತ್ತದೆ. ಆ ವೇಳೆಯಲ್ಲಿಯೇ ನಡುವಿನವನಿಗೆ ಪ್ರಶ್ನೆಗಳು ಹುಟ್ಟುತ್ತವೆ. ಮಳೆಯಲ್ಲಿ ಕಪ್ಪೆಗೆ ಕೊಡೆ ಬೇಡವೆ? ಅಜ್ಜಿ ಸಣ್ಣವಳಿದ್ದಾಗ ಅವಳ ಅಜ್ಜಿ ಯಾರು? ಉತ್ತರ ಹೇಳದಿದ್ದರೆ ಅವನು ಬೂಟಿನೊಳಗೆ ಕಾಲನ್ನು ಇಡುವುದಿಲ್ಲ. ಜುಲೈ ತಿಂಗಳಲ್ಲಂತೂ ಮಕ್ಕಳು ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದ ಮೇಲೆ, ರೆಡ್ ಅಲರ್ಟ್ ಇರುವುದರಿಂದ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಕೊಟ್ಟಿದ್ದಾರೆಂಬ ಸಮಾಚಾರ ಮೊಬೈಲಿನಲ್ಲಿ ಬರುವುದುಂಟು. ಆಗ ಮಕ್ಕಳಿಗಾಗುವ ಆನಂದವನ್ನೂ ತಾಯಂದಿರ ಮುಖವನ್ನೂ ಒಟ್ಟಿಗೆ ನೋಡಬೇಕು.

ಮಳೆಗಾಲದಲ್ಲಿ ಕೂಸಿನ ಬಟ್ಟೆ ಒಣಗಿಸುವುದು ಕರಾವಳಿಯ ತಾಯಂದಿರಿಗೆ ಮಾತ್ರ ತಿಳಿದ ವಿದ್ಯೆ. ಬಚ್ಚಲುಮನೆಯ ಒಲೆಯ ಮೇಲ್ಗಡೆ ಬಿದಿರಿನ ಗಳುವನ್ನು ಕಟ್ಟಿ ಅದರ ಮೇಲೆ ಹರವುತ್ತೇವೆ. ಬಟ್ಟೆ ಒಣಗುವುದೇನೋ ಅಹುದು. ಆದರೆ ಕೂಸು ಇಡೀ ದಿನ ಹೊಗೆಯಲ್ಲಿ ಒಣಗಿಸಿದ ಮೀನಿನ ಹಾಗೆ ವಾಸನೆ ಹೊಡೆಯುತ್ತದೆ.

ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡ, ತರುವಾಯ ಮೆತ್ತಗಿನ ಆಹಾರ ಕೊಡಬಹುದು ಎಂದು ಆರೋಗ್ಯಕೇಂದ್ರದ ದಾದಿಯರು ಹೇಳಿದಂತೆ, ಏಳನೆಯ ತಿಂಗಳಲ್ಲಿ ರಾಗಿಯ ಮಣ್ಣಿಯನ್ನು ಆರಂಭಿಸಿದೆವು. ರಾಗಿಯನ್ನು ರಾತ್ರಿ ನೆನೆಹಾಕಿ, ನುಣ್ಣಗೆ ಅರೆದು, ತೆಳುವಾದ ಬಟ್ಟೆಯಲ್ಲಿ ಸೋಸಿ, ಆ ಹಾಲನ್ನು ಅಲುಗಾಡದಂತೆ ಇಟ್ಟು, ಮೇಲೆ ನಿಂತ ತಿಳಿನೀರನ್ನು ಚೆಲ್ಲಿ, ತಳದಲ್ಲಿ ಕುಳಿತುದನ್ನು ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ತಿರುವುವುದನ್ನು ಒಂದು ನಿಮಿಷ ನಿಲ್ಲಿಸಿದರೂ ಗಂಟು. ಸರಿಯಾಗಿ ಅದೇ ನಿಮಿಷದಲ್ಲಿ ಅಂಗಳದಲ್ಲಿ ಯಾರಾದರೂ ಬೀಳುತ್ತಾರೆ. ಮೊದಲ ವರ್ಷ ಸಕ್ಕರೆಯಾಗಲಿ ಬೆಲ್ಲವಾಗಲಿ ಬೇಡವೆಂದು ದಾದಿಯ ಹೇಳಿಕೆ. ಅತ್ತೆಯವರು ಅವಳನ್ನೇ, “ಸಪ್ಪೆ ಮಣ್ಣಿಯನ್ನು ನೀನು ತಿಂದು ನೋಡಿದ್ದೀಯಾ, ಮಗಾ?” ಎಂದು ಕೇಳಿದರು. ಕಡೆಗೆ ಹಣ್ಣಾದ ಕದಳಿ ಬಾಳೆಯನ್ನು ಕಿವುಚಿ ಬೆರೆಸುವುದೆಂದು ಉಭಯಪಕ್ಷಗಳಿಗೂ ಒಪ್ಪಂದವಾಯಿತು. ಬಂಧುಗಳೊಬ್ಬರು ಪ್ರೀತಿಯಿಂದ ತಂದ ಕಾಡುಜೇನನ್ನು ಮಾತ್ರ ಅತ್ತೆಯವರೇ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ವರ್ಷ ತುಂಬದ ಮಗುವಿಗೆ ಜೇನಿನಿಂದ ಕೈಕಾಲುಗಳ ಶಕ್ತಿಯೇ ಉಡುಗುವ ರೋಗ ಬರಬಹುದೆಂದು ವೈದ್ಯರು ಹೇಳಿದುದನ್ನು ಅವರು ಮರೆತಿರಲಿಲ್ಲ.

ರಾತ್ರಿ ಊಟವಾದ ಮೇಲೆ ಅಜ್ಜಿಯ ಪದ್ಯಗಳು. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಬರೆದ ಪದ್ಯಗಳನ್ನು ನಮ್ಮ ಸೀಮೆಯ ಮುದುಕಿಯರು ಪುಸ್ತಕದ ಹಂಗಿಲ್ಲದೆ ಹೇಳಬಲ್ಲರು. ಅವರ ನಾಗರಹಾವಿನ ಪದ್ಯವನ್ನು ಕೇಳಿದ ಮರುದಿನ ನಡುವಿನವನು ತನ್ನ ಲೋಟದ ಹಾಲನ್ನು ಕುಡಿಯದೆ ಬಚ್ಚಲಿನ ನೀರು ಹೋಗುವ ಕಂಡಿಯ ಬಳಿ ಇಟ್ಟು, ಕೈಮುಗಿದು ಕುಳಿತನು. ಹಾವು ಹಾಲು ಕುಡಿಯುವ ಪ್ರಾಣಿಯಲ್ಲವೆಂದು ಅವನ ಅಕ್ಕ ಪಾಠದ ರೀತಿಯಲ್ಲಿ ವಿವರಿಸಿದಳು. ಅವನು ನಂಬಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಲೋಟ ಬರಿದಾದುದನ್ನು ಎಲ್ಲರಿಗೂ ತೋರಿಸಿದನು. ಬೆಕ್ಕು ಜಗಲಿಯ ಮೇಲೆ ಮೀಸೆ ಒರೆಸಿಕೊಳ್ಳುತ್ತಿತ್ತು. ನಾವು ಆ ವಿಷಯವನ್ನು ಹೇಳಲಿಲ್ಲ.

ಇವೆಲ್ಲ ನಗುವಿನ ಮಾತುಗಳು. ಇನ್ನು ಈ ಬರೆಹಕ್ಕೆ ಕಾರಣವಾದ ಸಂಗತಿಯನ್ನು ಹೇಳುತ್ತೇವೆ.

ಯಜಮಾನರೂ ನಾವೂ ಇಬ್ಬರೂ ಉದ್ಯೋಗಸ್ಥರು. 1961ನೆಯ ಇಸವಿಯ ಹೆರಿಗೆ ಸೌಲಭ್ಯ ಕಾಯಿದೆಯನ್ನು 2017ರಲ್ಲಿ ತಿದ್ದಿದಾಗ, ಮೊದಲ ಎರಡು ಮಕ್ಕಳಿಗೆ ಸಂಬಳಸಹಿತವಾದ ರಜೆಯನ್ನು 26 ವಾರಗಳಿಗೆ ಏರಿಸಿದರು. ಮೂರನೆಯದಕ್ಕೆ ಹಿಂದಿನಂತೆ 12 ವಾರಗಳನ್ನೇ ಉಳಿಸಿದರು. ಕಾಯಿದೆ ಮಾಡಿದವರ ಲೆಕ್ಕ ಏನೇ ಇರಲಿ, ಮೂರನೆಯ ಕೂಸು ಮೊದಲನೆಯದಕ್ಕಿಂತ ಬೇಗ ಬೆಳೆಯುವುದಿಲ್ಲ. ಹೆರಿಗೆಗೆ ಮುಂಚೆ ಎರಡು ವಾರ ಕಳೆದುದರಿಂದ, ಹತ್ತು ವಾರದ ಕೂಸನ್ನು ಅತ್ತೆಯವರ ಕೈಗೆ ಕೊಟ್ಟು ನಾವು ಕಛೇರಿಗೆ ಹೊರಟೆವು. ಐವತ್ತು ಜನರಿರುವ ಕೆಲಸದ ಸ್ಥಳದಲ್ಲಿ ಶಿಶುಗೃಹವಿರಬೇಕೆಂದು ಅದೇ ತಿದ್ದುಪಡಿಯಲ್ಲಿ ಇತ್ತು. ನಮ್ಮ ಕಛೇರಿಯಲ್ಲಿ ಹನ್ನೆರಡೇ ಮಂದಿ. ಹಿಂಡಿಟ್ಟ ಹಾಲನ್ನು ಅತ್ತೆಯವರು ಹಳೆಯ ಬೆಳ್ಳಿಯ ಒಳಲೆಯಲ್ಲಿ ಕುಡಿಸುತ್ತಿದ್ದರು. ಎಪ್ಪತ್ತು ದಾಟಿದ ಮೊಣಕಾಲುಗಳು ಸಾಯಂಕಾಲಕ್ಕೆ ಸೋಲುವವು. ಆಗ ಶಾಲೆಯಿಂದ ಬಂದ ಹಿರಿಯವಳ ಸೊಂಟಕ್ಕೆ ಕೂಸು ಏರುವುದು.

ಯಾರೂ ಅವಳಿಗೆ ಆಜ್ಞೆ ಮಾಡಿದವರಲ್ಲ. ಮನೆಯಲ್ಲಿ ಕೆಲಸವೆಂಬುದು ನೀರಿನಂತೆ. ತಗ್ಗು ಎಲ್ಲಿದೆಯೋ ಅಲ್ಲಿಗೆ ಹರಿಯುತ್ತದೆ. ನಮ್ಮ ಮನೆಗಳಲ್ಲಿ ಆ ತಗ್ಗಿನಲ್ಲಿ ನಿಂತಿರುವವಳು ಬಹುಮಟ್ಟಿಗೆ ಹಿರಿಯ ಹೆಣ್ಣುಮಗಳೇ. 2019ರಲ್ಲಿ ಭಾರತ ಸರಕಾರವು ಜನರು ದಿನದ ವೇಳೆಯನ್ನು ಹೇಗೆ ಕಳೆಯುತ್ತಾರೆಂದು ಮೊದಲ ಬಾರಿಗೆ ದೇಶಾದ್ಯಂತ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದವರಲ್ಲಿ ಹೆಂಗಸರಿಗೆ ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರಿಗೆ 97 ನಿಮಿಷ ಎಂದು ತಿಳಿದುಬಂತು. ಈ ಅಂಕೆಗಳನ್ನು ಕೇಳಿ ಯಾವ ಸೋದರಿಯೂ ಬೆರಗಾಗಲಾರಳು. ಆದರೆ ಆ ಸಮೀಕ್ಷೆಯವರು ಲೆಕ್ಕವನ್ನು ಆರು ವರ್ಷದವರಿಂದ ಆರಂಭಿಸಿದ್ದಾರೆಂಬುದನ್ನು ಓದಿದಾಗ ನಾವು ಪತ್ರಿಕೆಯನ್ನು ಸ್ವಲ್ಪ ಹೊತ್ತು ಮಡಚಿಟ್ಟೆವು.

ಕಳೆದ ಮಾರ್ಚ್ ತಿಂಗಳ ಒಂದು ಸಂಜೆ ನಮ್ಮ ದೂರದ ಬಂಧುವೊಬ್ಬರು ಮನೆಗೆ ಬಂದಿದ್ದರು. ಹಿರಿಯವಳು ಒಂದು ಸೊಂಟದಲ್ಲಿ ಕೂಸನ್ನು ಕೂರಿಸಿಕೊಂಡು, ಇನ್ನೊಂದು ಕೈಯಲ್ಲಿ ಪರೀಕ್ಷೆಯ ಪುಸ್ತಕವನ್ನು ಹಿಡಿದು, ಚಾವಡಿಯಲ್ಲಿ ಅತ್ತಿಂದಿತ್ತ ನಡೆಯುತ್ತ ಓದುತ್ತಿದ್ದಳು. ಬಂಧುವಿಗೆ ಪರಮಸಂತೋಷವಾಯಿತು. “ಎಂಥ ಗುಣವಂತೆ! ಚಿಕ್ಕ ತಾಯಿಯ ಹಾಗೆ ಇದ್ದಾಳಲ್ಲ!” ಎಂದು ಹೊಗಳಿದರು.

ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದ ಅತ್ತೆಯವರು ತಲೆಯೆತ್ತದೆಯೇ, “ನನ್ನನ್ನೂ ಹೀಗೆಯೇ ಹೊಗಳಿದ್ದರು. ಹೊಗಳಿ ಹೊಗಳಿಯೇ ಶಾಲೆ ಬಿಡಿಸಿದರು,” ಎಂದರು.

ಅತ್ತೆಯವರು ಏಳು ಮಂದಿ ಮಕ್ಕಳಲ್ಲಿ ಹಿರಿಯವರು. ಐದನೆಯ ತರಗತಿಯ ನಡುವೆ, ನಾಲ್ಕನೆಯ ತಮ್ಮ ಹುಟ್ಟಿದಾಗ, ‘ಈ ಮಳೆಗಾಲ ಕಳೆಯಲಿ’ ಎಂದು ಅವರನ್ನು ಮನೆಯಲ್ಲಿ ನಿಲ್ಲಿಸಿದರಂತೆ. ಆ ಮಳೆಗಾಲ ಕಳೆದು ಅರುವತ್ತಕ್ಕೂ ಹೆಚ್ಚು ಮಳೆಗಾಲಗಳಾದವು. ಅವರು ಇದನ್ನು ದೂರಾಗಿ ಹೇಳಿದ್ದನ್ನು ನಾವು ಕೇಳಿಲ್ಲ. ತಮ್ಮಂದಿರ ಮೇಲೆ ಈಗಲೂ ಪ್ರಾಣ ಇಟ್ಟುಕೊಂಡಿದ್ದಾರೆ. ಆದರೆ ಕಲಿತ ಅಷ್ಟು ಲೆಕ್ಕವನ್ನು ಅವರು ಕೈಬಿಟ್ಟಿಲ್ಲ. ದೇಶಕ್ಕೆ 1957ರಲ್ಲಿ ದಶಮಾಂಶದ ನಾಣ್ಯ ಬಂತು. ಅವರ ಬಾಯಲ್ಲಿ ಕಾಲು, ಅರೆ, ಮುಕ್ಕಾಲು, ಒಂದೂಕಾಲಿನ ಮಗ್ಗಿಗಳು ಇನ್ನೂ ಉಳಿದಿವೆ. ಮೀನಿನವಳು ಬಾಗಿಲಲ್ಲಿ ಲೆಕ್ಕ ಹಾಕುವಷ್ಟರಲ್ಲಿ ಇವರು ಚಿಲ್ಲರೆ ಎಣಿಸಿ ಇಟ್ಟಿರುತ್ತಾರೆ.

ಬಂಧು ಹೊರಟುಹೋದ ಮೇಲೆ ಅತ್ತೆಯವರು ಎದ್ದು ಹಿರಿಯವಳ ಸೊಂಟದಿಂದ ಕೂಸನ್ನು ಎತ್ತಿ, ಆಗತಾನೆ ಕಛೇರಿಯಿಂದ ಬಂದು ಬೂಟು ಬಿಚ್ಚುತ್ತಿದ್ದ ತಮ್ಮ ಮಗನ ಮಡಿಲಲ್ಲಿ ಇಟ್ಟರು. “ಆರೂವರೆಯಿಂದ ಏಳೂವರೆಯವರೆಗೆ ಇದು ನಿನ್ನದು,” ಎಂದರು. ನಮ್ಮ ಯಜಮಾನರು ತಾಯಿಯ ಮಾತಿಗೆ ಎದುರಾಡುವವರಲ್ಲ. ಒಂದು ಕಾಲಿನಲ್ಲಿ ಬೂಟು ಇದ್ದಂತೆಯೇ ಮಗುವನ್ನು ಹಿಡಿದುಕೊಂಡರು. ಅಂದಿನಿಂದ ಆ ಒಂದು ತಾಸು ಹಿರಿಯವಳದೆಂದು ಮನೆಯಲ್ಲಿ ನಿಯಮವಾಯಿತು.

ನಿಯಮ ಮಾಡುವುದು ಸುಲಭ. ಆ ಒಂದು ತಾಸನ್ನು ಕಾಯುವುದು ಕೋಟೆ ಕಾಯುವಷ್ಟೇ ಕಷ್ಟ. ಮೊದಲ ವಾರ ಯಜಮಾನರು ಕೂಸನ್ನು ಎತ್ತಿಕೊಂಡು ಐದೈದು ನಿಮಿಷಕ್ಕೊಮ್ಮೆ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ನಾವು ಬಾಯಿಬಿಟ್ಟು ಏನನ್ನೂ ಹೇಳದೆ ತೆಂಗಿನಕಾಯಿ ತುರಿಯುತ್ತಿದ್ದೆವು. ಎರಡನೆಯ ವಾರದಲ್ಲಿ, ಗೋಡೆಯ ಮೇಲಿನ ಹಲ್ಲಿಯನ್ನು ತೋರಿಸಿದರೆ ಕೂಸು ಅಳು ನಿಲ್ಲಿಸುತ್ತದೆಂಬುದನ್ನು ಅವರು ತಾವಾಗಿಯೇ ಕಂಡುಹಿಡಿದರು. ಹಲ್ಲಿ ಬಾರದ ದಿನ ಕಷ್ಟ. ಒಂಬತ್ತನೆಯ ತಿಂಗಳಲ್ಲಿ ದಡಾರದ ಚುಚ್ಚುಮದ್ದು ಹಾಕಿಸಿ ತಂದ ಮೇಲೆ ಮೈ ಬೆಚ್ಚಗಾಗಿ ಕೂಸು ರಚ್ಚೆ ಹಿಡಿದಾಗ, ಅವರು ರಾತ್ರಿಯೆಲ್ಲ ಅದನ್ನು ಹೆಗಲ ಮೇಲೆ ಹಾಕಿಕೊಂಡು ನಡೆದರು. ಮುಂಚಿನ ಎರಡು ಮಕ್ಕಳ ಕಾಲದಲ್ಲಿ ಅವರಿಗೆ ಈ ವಿದ್ಯೆ ಬಂದಿರಲಿಲ್ಲ.

ನಡುವಿನವನು ತನಗೂ ಒಂದು ತಾಸು ಬೇಕೆಂದು ಹಟಮಾಡಿದನು. ಕೊಟ್ಟೆವು. ಕೈಗಳನ್ನು ಕಟ್ಟಿಕೊಂಡು ತನ್ನ ಆಟದ ಆಟೋರಿಕ್ಷಾದ ಎದುರು ಕುಳಿತು, ಎರಡು ನಿಮಿಷವಾದ ಮೇಲೆ, “ಇದು ಮುಗಿಯುವುದು ಯಾವಾಗ, ಅಮ್ಮಾ?” ಎಂದು ಕೇಳಿದನು. ಈಗ ಅವನಿಗೆ ಕೂಸಿನ ಬಟ್ಟೆ ಮಡಚುವ ಕೆಲಸವನ್ನು ವಹಿಸಿದ್ದೇವೆ. ಗಂಡುಮಗುವಿಗೆ ಇದೇನು ಕೆಲಸ ಎಂದು ಕೇಳುವವರಿದ್ದಾರೆ. ಅವನು ಮಡಚುವ ರೀತಿಯನ್ನು ನೋಡಿದರೆ ಅವರ ಪ್ರಶ್ನೆಗೆ ಆಧಾರವಿದೆಯೆಂದು ತೋರೀತು. ಆದರೂ ಬಿಟ್ಟಿಲ್ಲ.

ಹಿರಿಯವಳು ಆ ತಾಸಿನಲ್ಲಿ ಸದಾ ಓದುತ್ತಾಳೆಂದು ಹೇಳಿದರೆ ಸತ್ಯಕ್ಕೆ ದೂರವಾದೀತು. ಕೆಲವು ದಿನ ಚಿತ್ರ ಬರೆಯುತ್ತಾಳೆ. ಕೆಲವು ದಿನ ಕಿಟಕಿಯ ಹೊರಗೆ ಸೂರಿನ ನೀರು ಬೀಳುವುದನ್ನು ನೋಡುತ್ತಾಳೆ. ಸುಮ್ಮನೆ ಕುಳಿತಿರುವುದಾದರೆ ಮಗುವನ್ನಾದರೂ ಎತ್ತಿಕೊಳ್ಳಬಾರದೆ ಎಂದು ಅದೇ ಬಂಧು ಇನ್ನೊಮ್ಮೆ ಬಂದಾಗ ಕೇಳಿದರು. ಕೊಟ್ಟ ಹೊತ್ತಿಗೆ ಲೆಕ್ಕ ಕೇಳುವುದು ನ್ಯಾಯವೆಂದು ನಮಗೆ ತೋರುವುದಿಲ್ಲ. ಎಂಟರ ಹೊತ್ತಿಗೆ ಅವಳು ತಾನಾಗಿಯೇ ಬಂದು ಕೂಸನ್ನು ಎತ್ತಿ ಮುದ್ದಾಡುತ್ತಾಳೆ. ಆ ಮುದ್ದಿನಲ್ಲಿ ಈಗ ಬೇಸರವಿಲ್ಲ. ಕೂಸಿನ ಬಾಯಿಂದ ಮೊದಲು ಹೊರಟ ಮಾತು ‘ಅಕ್ಕ’ ಎಂದು ಅವಳ ಖಂಡಿತವಾದ ವಾದ. ನಮ್ಮ ಕಿವಿಗೆ ಅದು ‘ಅಮ್ಮ’ ಎಂದು ಕೇಳಿತ್ತು. ಯಜಮಾನರು ‘ಹಲ್ಲಿ’ ಎನ್ನುತ್ತಾರೆ.

ಈ ಜೂನ್ ತಿಂಗಳಲ್ಲಿ ಅವಳು ಐದನೆಯ ತರಗತಿಗೆ ಬಂದಳು. ಹೊಸ ಪುಸ್ತಕಗಳಿಗೆ ಕಾಗದ ಹೊದಿಸುವ ದಿನ ಅತ್ತೆಯವರು ಕನ್ನಡಕ ಹಾಕಿಕೊಂಡು ಲೆಕ್ಕದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಮಗುಚಿದರು. ಒಂದೂಕಾಲಿನ ಮಗ್ಗಿ ಎಲ್ಲಿಯೂ ಇಲ್ಲವೆಂದು ಆಕ್ಷೇಪಿಸಿದರು. ಈಗ ಆರೂವರೆಗೆ ಅಜ್ಜಿ ತನ್ನ ಕುರ್ಚಿಯನ್ನು ಅವಳ ಮೇಜಿನ ಪಕ್ಕಕ್ಕೆ ಎಳೆದುಕೊಳ್ಳುತ್ತಾರೆ. ಹದಿನಾಲ್ಕು ಒಂದೂಕಾಲು ಎಷ್ಟು ಎಂದು ಅಜ್ಜಿ ಕೇಳಿದರೆ ಅವಳು ಕಾಗದದ ಮೇಲೆ ಗುಣಿಸಿ ಹದಿನೇಳೂವರೆ ಎಂದು ಹೇಳುವಷ್ಟರಲ್ಲಿ ಅಜ್ಜಿ ಮುಂದಿನ ಪ್ರಶ್ನೆಗೆ ಹೋಗಿರುತ್ತಾರೆ. ಪುಸ್ತಕದ ಹಿಂಭಾಗದ ಕೆಲವು ಪಾಠಗಳಿಗೆ ಬಂದಾಗ ಮಾತ್ರ ಅವರು ಸುಮ್ಮನಾಗಿ, “ಇದನ್ನು ನಿಧಾನವಾಗಿ ಓದು ಮಗಾ, ನಾನು ಇಲ್ಲಿಯವರೆಗೆ ಬಂದಿರಲಿಲ್ಲ,” ಎನ್ನುತ್ತಾರೆ.

ಮೊನ್ನೆ ಹಾಗೆ ಇಬ್ಬರೂ ಕುಳಿತಿದ್ದಾಗ ವಿದ್ಯುದ್ದೀಪ ಆರಿತು. ಯಜಮಾನರು ಕತ್ತಲಲ್ಲಿ ಹಲ್ಲಿ ಕಾಣದೆ, ಕೂಸನ್ನು ಎತ್ತಿಕೊಂಡು ಮೇಣದಬತ್ತಿ ಹುಡುಕಲು ಹೊರಟರು. ಒಂದೊಂದು ವಸ್ತುವಿಗೂ ಒಂದೊಂದು ಸ್ಥಳವಿರುವ ಮನೆ ನಮ್ಮದಲ್ಲವಷ್ಟೆ. ಮೇಣದಬತ್ತಿಯು ನಡುವಿನವನ ಮಳೆಬೂಟಿನೊಳಗೆ ಸಿಕ್ಕಿತು.