ಮಂಚದ ಕಾಲಿನ ಕೆಳಗೆ

ನಮ್ಮ ಕೋಣೆಯ ಮೂಲೆಯಲ್ಲಿರುವ ಚಿಕ್ಕ ಸರ್ವರಿನಲ್ಲಿ, ಗತಿಸಿದ ನಮ್ಮ ಗೃಹಿಣಿಯ ಹಾಡುಗಳೂ ಹಬ್ಬಹುಣ್ಣಿಮೆಗಳ ವೀಡಿಯೋಗಳೂ ಸೇರಿ ಸುಮಾರು 300 ಗಿಗಾಬೈಟಿನ ಸಂಗ್ರಹವಿದೆ. ಪ್ರತಿ ಸಂಜೆಯೂ ಜೆಲ್ಲಿಫಿನ್ ಮೂಲಕ ಟೀವಿಯಲ್ಲಿ ನೋಡುತ್ತಿದ್ದೆವು, ಎಂದೂ ತಡೆಯಾದುದಿಲ್ಲ.

ಹೋದ ತಿಂಗಳು ಮಗಳು, ರಾತ್ರಿಯ ರೈಲಿಗೆ ಹೊರಡುವ ಮುನ್ನ, ಅವೆಲ್ಲವನ್ನೂ ತನ್ನ ಕಂಪ್ಯೂಟರಿಗೆ ಇಳಿಸಿಕೊಳ್ಳಹೊರಟಳು. ಏಳು ಗಂಟೆ ಬೇಕೆಂದು ಯಂತ್ರವು ತೋರಿಸಿತು. ಉಳಿದಿದ್ದುದು ಮೂರೇ ಗಂಟೆ. ಮಕ್ಕಳಿಗೆ ತರ್ಕವನ್ನು ಬೋಧಿಸಿದ್ದ ನಾವೇ ವಿಚಾರಿಸದೆ ಇಂಟರ್‌ನೆಟ್ ಕಂಪೆನಿಯವರನ್ನು ದೂಷಿಸಿದೆವು.

“ಮನೆಯೊಳಗಿನ ಸಾಗಾಟಕ್ಕೆ ಹೊರಗಿನವರ ಹಂಗೇಕೆ, ಅಪ್ಪಾ?” ಎಂದು ಮಗಳು ಸರ್ವರಿನ ವೇಗವನ್ನು ಪರೀಕ್ಷಿಸಿದಳು. 1000 ಮೆಗಾಬಿಟ್ ಇರಬೇಕಾದಲ್ಲಿ 100 ಮಾತ್ರವಿತ್ತು. ತಂತಿಯ ಜಾಡನ್ನು ಹಿಡಿದು ಹೋದರೆ, ಅದು ನಮ್ಮ ಮಂಚದ ಕಾಲಿನಡಿ ಜಜ್ಜಿಹೋಗಿತ್ತು! ಒಳಗಿನ ಎಂಟು ಎಳೆಗಳೂ ನೆಟ್ಟಗಿದ್ದರೆ ಸಾವಿರ. ನಾಲ್ಕೇ ಉಳಿದರೆ ನೂರು. ನೋಡುವುದಕ್ಕೆ ನೂರೇ ಧಾರಾಳವಾದುದರಿಂದ ದೋಷವು ಇಷ್ಟು ದಿನ ಅಡಗಿತ್ತು.

ಹೊಸ ತಂತಿಯನ್ನು ಹಾಕಿದ ಮೇಲೆ ಮುಕ್ಕಾಲು ಗಂಟೆಯಲ್ಲಿ ಎಲ್ಲವೂ ಇಳಿಯಿತು. ತಾಯಿಯ ಕಂಠವನ್ನು ಕೈಯಲ್ಲಿ ಹಿಡಿದು ಮಗಳು ರೈಲು ಹತ್ತಿದಳು.

ಮಂಚವನ್ನು ಅಲ್ಲಿಗೆ ಸರಿಸಿದವರು ನಾವೇ. ಮಲಗಿಯೇ ಆ ಹಾಡು ಕೇಳಲೆಂದು. ದೋಷವನ್ನು ಊರಾಚೆ ಹುಡುಕುವ ಮುನ್ನ ಮಂಚದಡಿಯಲ್ಲೊಮ್ಮೆ ಬಗ್ಗಿ ನೋಡುವುದು ಲೇಸು.