ಒಡಾಕ್ಯು ರೈಲಿನ ಕಿಟಕಿ

ಶಿಂಜುಕು ನಿಲ್ದಾಣದಲ್ಲಿ ಒಡಾಕ್ಯು ಕಂಪನಿಯ ಪ್ಲಾಟ್‌ಫಾರ್ಮ್ ಹುಡುಕುವಷ್ಟರಲ್ಲೇ ನನಗೆ ಸಾಕುಸಾಕಾಗಿತ್ತು. ಮಗಳು ಮಾತ್ರ ನಮ್ಮ ಪುಣೆಯ ಸ್ವಾರಗೇಟ್‌ನಲ್ಲಿ ಓಡಾಡಿದ ಹಾಗೆ ಸರಸರ ನಡೆದಿದ್ದಳು. ಹಕೋನೆಗೆ ಹೋಗಿ ಫುಜಿ ಪರ್ವತ ನೋಡಬೇಕೆಂದು ನನ್ನ ಆಸೆ. ಅವಳು, "ಅದು ನಾಳೆ ಅಮ್ಮ, ಇವತ್ತು ಹೊನ್-ಅತ್ಸುಗಿ" ಅಂದಳು. ನಾನು ಒಯ್ದಿದ್ದ ಕೈಪಿಡಿಯಲ್ಲಿ ಆ ಊರಿನ ಬಗ್ಗೆ ಅರ್ಧ ಸಾಲೂ ಇರಲಿಲ್ಲ. ಅಲ್ಲೇನದೆ ಎಂದರೆ, "ಒಂದು ಹಾಡದ" ಎಂದು ನಕ್ಕಳು.

ಆ ಹಾಡನ್ನು ನಾನು ಕೋಥ್ರೂಡ್‌ನ ನಮ್ಮ ಮನೆಯಲ್ಲಿ, ಮುಚ್ಚಿದ ಬಾಗಿಲಿನ ಹಿಂದಿನಿಂದ, ವರ್ಷಗಟ್ಟಲೆ ಕೇಳಿದ್ದೆ. ಕಾಲೇಜು ಹುಡುಗಿ, ಸದಾ ಜಪಾನಿ ಹಾಡು, ಅದೂ ಹೆಣ್ಣು ದನಿಯಲ್ಲಿ, ಅದೂ ಪ್ರೀತಿ ಪ್ರೇಮದ್ದು. "ಕನ್ನಡ ಹಾಕು, ಇಲ್ಲಾಂದ್ರ ಮರಾಠಿನಾದ್ರೂ ಹಾಕು, ಏನಂತ ತಿಳೀಲಿ" ಎಂದು ಎಷ್ಟು ಸಲ ಕೂಗಿದ್ದೇನೋ. ಆ ಹಾಡುಗಳಿಂದಲೇ ಭಾಷೆಯ ಗೀಳು ಹತ್ತಿ, ಪರೀಕ್ಷೆ ಪಾಸು ಮಾಡಿ, ಈಗ ಟೋಕಿಯೋದಲ್ಲಿ ಅವಳ ಎರಡನೇ ವರ್ಷ.

ಶಿಂಜುಕುವಿನಿಂದ ಒದಾವಾರಾವರೆಗೆ ಹೋಗುವ ಈ ರೈಲುಮಾರ್ಗ 1927ರದು. ಇದರ ವಿಶೇಷ ಎಕ್ಸ್‌ಪ್ರೆಸ್ ರೈಲಿನ ಹೆಸರೇ 'ರೊಮ್ಯಾನ್ಸ್ ಕಾರ್'. ಇಬ್ಬರೇ ಕೂರುವ ಸೀಟಿಗೆ ಅಲ್ಲಿ ರೊಮ್ಯಾನ್ಸ್ ಸೀಟ್ ಎನ್ನುತ್ತಿದ್ದರಂತೆ, ಅದರಿಂದ ಬಂದ ಹೆಸರು. ಅದಕ್ಕೆ ಬೇರೆ ದುಡ್ಡು. ನಾವು ಹತ್ತಿದ್ದು ಮಾಮೂಲಿ ರೈಲು, ಸುಮಾರು ಒಂದು ತಾಸಿನ ದಾರಿ.

ಮಗಳು ಇಯರ್‌ಫೋನಿನ ಒಂದು ತುದಿ ನನ್ನ ಕಿವಿಗಿಟ್ಟಳು. ತಂಡದ ಹೆಸರು ಇಕಿಮೊನೊಗಕರಿ. ಜಪಾನಿನ ಶಾಲೆಗಳಲ್ಲಿ ತರಗತಿಯ ಮೀನು, ಮೊಲ ನೋಡಿಕೊಳ್ಳುವ ಮಕ್ಕಳಿಗೆ ಹಾಗೆನ್ನುತ್ತಾರೆ. ಒಂದನೇ ಕ್ಲಾಸಿನಲ್ಲಿ ಬಂಗಾರದ ಮೀನಿಗೆ ಆಹಾರ ಹಾಕುವ ಪಾಳಿಯಲ್ಲಿದ್ದ ಇಬ್ಬರು ಹುಡುಗರು 1999ರಲ್ಲಿ ಈ ತಂಡ ಕಟ್ಟಿದರು. ಅದೇ ವರ್ಷ ಸೇರಿದ ಹುಡುಗಿ ಕಿಯೋಎ ಯೋಶಿಯೋಕಾ ಮುಖ್ಯ ಗಾಯಕಿ. ಎಬಿನಾ, ಹೊನ್-ಅತ್ಸುಗಿ ನಿಲ್ದಾಣಗಳ ಮುಂದೆ ಬೀದಿಯಲ್ಲಿ ನಿಂತು ಹಾಡುತ್ತಿದ್ದವರು. 2006ರ ಮಾರ್ಚ್‌ನಲ್ಲಿ ಬಂದ 'ಸಕುರಾ' ಎಂಬ ಹಾಡು ಅವರನ್ನು ಮನೆಮನೆಗೆ ಮುಟ್ಟಿಸಿತು. ಅದರಲ್ಲಿ ಈ ಒಡಾಕ್ಯು ರೈಲು ಹೆಸರು ಸಮೇತ ಬರುತ್ತದೆ, ಕಿಟಕಿಯಲ್ಲಿ ಕಾಣುವ ಚೆರ್ರಿ ಹೂವಿನೊಂದಿಗೆ.

ನಾವು ಹೋದದ್ದೂ ಮಾರ್ಚ್ ಕೊನೆಗೇ. ಹೂವು ಇನ್ನೂ ಅರ್ಧ ಮೊಗ್ಗು. ಜಪಾನಿನಲ್ಲಿ ಶಾಲಾ ವರ್ಷ ಮುಗಿಯುವುದು ಮಾರ್ಚ್‌ಗೆ, ಹೊಸದು ಶುರುವಾಗುವುದು ಏಪ್ರಿಲ್‌ಗೆ. ಹಾಗಾಗಿ ಈ ಹೂವು ಅರಳುವ ಹೊತ್ತೂ ಓದು ಮುಗಿಸಿದ ಹುಡುಗರು ಊರು ಬಿಡುವ ಹೊತ್ತೂ ಒಂದೇ. ಅಲ್ಲಿನ ಪ್ರೇಮಗೀತೆಗಳಲ್ಲಿ ಚೆರ್ರಿ ಬಂತೆಂದರೆ ಅಗಲಿಕೆಯೂ ಹಿಂದೆಯೇ ಬಂತು ಅನ್ನಿ.

ಈ ಹಾಡಿನಲ್ಲೂ ಹಾಗೆಯೇ. ಹುಡುಗ ಓದು ಮುಗಿಸಿ ಊರು ಬಿಟ್ಟಿದ್ದಾನೆ. ಹುಡುಗಿ ಊರಲ್ಲೇ ಉಳಿದಿದ್ದಾಳೆ, ಅದೇ ರೈಲಿನಲ್ಲಿ ಓಡಾಡುತ್ತಾಳೆ. ಅವನಿಗೊಂದು ಕಾಗದ ಬರೆಯಲು ಕೂತು, ಆರಾಮಿದ್ದೇನೆ ಎಂದು ಬರೆದು, ಈ ಸಣ್ಣ ಸುಳ್ಳು ಅವನಿಗೆ ಗೊತ್ತಾಗಿಯೇ ಆಗುತ್ತದೆ ಎಂದುಕೊಳ್ಳುತ್ತಾಳೆ. ಮಗಳು ಇದನ್ನು ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದಳು. ನನಗೆ ನೆನಪಾದದ್ದು 1996. ಮದುವೆಯಾಗಿ ಪುಣೆಗೆ ಬಂದ ವರ್ಷ, ಧಾರವಾಡಕ್ಕೆ ವಾರಕ್ಕೊಂದು ಇನ್‌ಲ್ಯಾಂಡ್ ಪತ್ರ. 'ನಾನು ಆರಾಮ ಇದ್ದೇನೆ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯಿರಿ.' ಅವ್ವ ಅದನ್ನು ಎಷ್ಟು ನಂಬಿದ್ದಳೋ! ನಮ್ಮಂಥ ಊರು ಬಿಟ್ಟವರ ಹಾಡುಗಳೆಲ್ಲ ಹೋದವರ ದುಃಖದವು. ಪ್ಲಾಟ್‌ಫಾರ್ಮಿನಲ್ಲಿ ಉಳಿದವರ ಕಡೆಯಿಂದ ನಾನು ಅಷ್ಟಾಗಿ ಯೋಚಿಸಿಯೇ ಇರಲಿಲ್ಲ.

"ಇದನ್ನ ಬರೆದದ್ದು ಗಂಡಸು, ಗೊತ್ತಾ?" ಎಂದಳು ಮಗಳು. ಮೀನಿನ ಪಾಳಿಯ ಯೋಶಿಕಿ ಮಿಜುನೊ. ಆದರೆ ಹಾಡಿನ 'ನಾನು' ಎಂಬ ಮಾತು 'ಅತಾಶಿ', ಹೆಣ್ಣುಮಕ್ಕಳು ಆಡುವ ಸಲಿಗೆಯ ನಾನು. ಜಪಾನಿಯಲ್ಲಿ ನಾನು ಎನ್ನಲು ಹತ್ತಾರು ಮಾತಿವೆ. ಹುಡುಗರದು 'ಬೊಕು'. ಈಚಿನ ಗಾಯಕಿ ಐಮ್ಯೋನ್ 2017ರ 'ಕಿಮಿ ವಾ ರಾಕ್ ಒ ಕಿಕನಾಯ್' ಹಾಡಿನಲ್ಲಿ ಬೊಕು ಎನ್ನುತ್ತ ಹುಡುಗನಾಗಿಯೇ ಹಾಡುತ್ತಾಳೆ. ಅದನ್ನೂ ತಾನೇ ಬರೆದಿದ್ದಾಳೆ. ನಮ್ಮ 'ನಾನು' ಒಂದೇ. ಕನ್ನಡದಲ್ಲಿ ಗುಟ್ಟು ರಟ್ಟಾಗುವುದು 'ಅವನು, ಅವಳು' ಬಂದಾಗ.

ಹಿಂದಿನ ರಾತ್ರಿ ಅವಳ ಗೆಳತಿಯರ ಜೊತೆ ಕರಾವೋಕೆಗೂ ಹೋಗಿದ್ದೆ. ಆರು ಜನ ಹಿಡಿಸುವ ಪುಟ್ಟ ಕೋಣೆ, ಗಂಟೆಗಿಷ್ಟು ಎಂದು ಬಾಡಿಗೆ. ಹುಡುಗಿಯರು ಮೊದಲು ಹಾಡಿದ್ದು ಹಿಕಾರು ಉತಾದಾ ಅವರ 'ಫಸ್ಟ್ ಲವ್'. 1999ರಲ್ಲಿ ಆ ಆಲ್ಬಂ ಬಂದಾಗ ಉತಾದಾಗೆ 16 ವರ್ಷ. ಜಪಾನಿನಲ್ಲಿ ಅದಕ್ಕಿಂತ ಹೆಚ್ಚು ಮಾರಾಟವಾದ ಆಲ್ಬಂ ಇನ್ನೂ ಬಂದಿಲ್ಲ. ಆಮೇಲೆ ಕಾನಾ ನಿಶಿನೊ ಅವರ 2010ರ ಹಾಡು, 'ಐತಕುತೆ ಐತಕುತೆ'. ಭೇಟಿಯಾಗಬೇಕು, ಭೇಟಿಯಾಗಬೇಕು ಎಂಬುದೇ ಅದರ ಹೆಸರು. ಜಪಾನಿನವರು ಪ್ರೀತಿಸುತ್ತೇನೆ ಎಂದು ನೇರವಾಗಿ ಹೇಳುವುದು ಕಡಿಮೆ. 'ಐತಾಯ್' ಅನ್ನುತ್ತಾರೆ, ಅಷ್ಟರಲ್ಲೇ ಎಲ್ಲ ಬಂತು. ನಮ್ಮಲ್ಲಿ ಮಾತ್ರ ಯಾರು ಹೇಳುತ್ತಾರೆ? 'ನಿನ್ನ ನೋಡಬೇಕು ಅನ್ನಿಸ್ತದ' ಎನ್ನುವಲ್ಲಿಗೆ ಮುಗಿಯಿತು. ಯಂತ್ರದಲ್ಲಿ ಕನ್ನಡ ಹಾಡಿರಲಿಲ್ಲ. ನಾನು ಯಂತ್ರವಿಲ್ಲದೆಯೇ ಒಂದು ಹಳೆಯ ಸಿನಿಮಾ ಹಾಡು ಹೇಳಿ ಚಪ್ಪಾಳೆ ಗಿಟ್ಟಿಸಿದೆ, ಆ ಮಾತು ಬೇರೆ.

ಎಬಿನಾ ದಾಟಿದ ಮೇಲೆ ಅತ್ಸುಗಿ ಎಂಬ ನಿಲ್ದಾಣ. ಹೆಸರು ಅತ್ಸುಗಿಯಾದರೂ ಊರು ನದಿಯ ಆಚೆಗಿದೆ, ಆಚೆಯದೇ 'ಹೊನ್', ಅಂದರೆ ನಿಜವಾದ ಅತ್ಸುಗಿ. ನಡುವೆ ಸಗಾಮಿ ನದಿ. ಮಗಳು ಮಾತು ನಿಲ್ಲಿಸಿ ಕಿಟಕಿಗೆ ಹಣೆ ಹಚ್ಚಿದಳು. ಹಾಡಿನ ಹುಡುಗಿಗೆ ರೈಲಿನಿಂದ ಒಂದು ದೊಡ್ಡ ಸೇತುವೆ ಕಾಣುತ್ತದೆ, ಇಬ್ಬರೂ ವಸಂತದಲ್ಲಿ ನಡೆದು ದಾಟುತ್ತಿದ್ದದ್ದು. ಯಾವ ಸೇತುವೆ ಎಂದು ಹಾಡು ಹೆಸರಿಸುವುದಿಲ್ಲ. ನೀರು ಕಡಿಮೆ, ಕಲ್ಲುಗುಂಡಿನ ಅಗಲ ಪಾತ್ರ, ದೂರಕ್ಕೆ ತಂಜಾವಾ ಬೆಟ್ಟಸಾಲು. ನೋಡುವುದಕ್ಕೆ ಅಂಥ ವಿಶೇಷವೇನಿಲ್ಲ. ಎರಡು ನಿಮಿಷಕ್ಕೆ ಎಲ್ಲ ಹಿಂದಾಯಿತು.

ಹೊನ್-ಅತ್ಸುಗಿಯಲ್ಲಿ ಇಳಿದು ಬೆಂಚಿನ ಮೇಲೆ ಕೂತೆವು. ಇಲ್ಲಿ ರೈಲು ಬರುವ ಮುನ್ನ ಘಂಟೆಯ ಬದಲು ಈ ತಂಡದ್ದೇ ಹಾಡಿನ ತುಣುಕು ಮೊಳಗುತ್ತದೆ. ಅದನ್ನು ಕೇಳಲೆಂದೇ ಎರಡು ರೈಲು ಬಿಟ್ಟೆವು.

"ಜನವರಿಯಾಗ ನಾಲ್ಕು ದಿನ ಜ್ವರ ಬಂದಿತ್ತು ಅಮ್ಮ" ಎಂದಳು, ನನ್ನ ಕಡೆ ನೋಡದೆ.

"ಫೋನಿನಾಗ ಆರಾಮ ಇದ್ದೀನಿ ಅಂದಿದ್ದಿ."

"ಹೂಂ."

"ನಂಗೂ ಹಂಗ ಅನ್ನಿಸಿತ್ತು" ಎಂದೆ. ಚೀಲದಲ್ಲಿ ಮನೆಯಿಂದ ತಂದ ಚಕ್ಕಲಿ ಇತ್ತು. ಡಬ್ಬಿ ತೆಗೆದು ಅವಳ ಕೈಗಿಟ್ಟೆ. ಮತ್ತೊಂದು ರೈಲು ಬಂತು.