ಹದಿನೈದು ಮಿಲಿಮೀಟರು

ಕಾರಿನ ಚಕ್ರ ಗುಂಡಗಿರುತ್ತದೆ, ಉರುಳುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ಪಂಕ್ಚರ್ ಆಗುತ್ತದೆ. ನಮ್ಮಂಥವರ ತಿಳಿವಳಿಕೆ ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲುತ್ತದೆ. ಆ ಚಕ್ರ ಗಾಡಿಯ ಮೈಯಿಂದ ಎಷ್ಟು ಹೊರಗೆ ನಿಲ್ಲಬೇಕು, ಎಷ್ಟು ಒಳಗೆ ನಿಲ್ಲಬೇಕು ಎನ್ನುವುದೂ ಒಂದು ಶಾಸ್ತ್ರವೆಂದು ನನಗೆ ಪಾಠ ಹೇಳಿದವನು ನನ್ನ ಮಗ. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು ನಾನು. ಆದ್ದರಿಂದ ಪಾಠ ಬೇಗ ನನ್ನ ಕೈಗೇ ಬಂದುಬಿಟ್ಟಿತು ಎನ್ನಿ.

ಅವನಿಗೆ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಕೆಲಸ. ಪೋರ್ಷೆ, ಮರ್ಸಿಡಿಸ್ ಎರಡಕ್ಕೂ ತವರಾದ ಊರು ಅದು. ಕಾರಿನ ಹುಚ್ಚು ಅಲ್ಲಿನ ನೀರಿನಲ್ಲೇ ಇರಬೇಕು. ಆದರೆ ಇವನ ಸಂಬಳಕ್ಕೆ ಎಟುಕಿದ್ದು ಜಪಾನಿನ ಮಜ್ದಾ ಎಂಎಕ್ಸ್-5, ಅದೂ 1992ರ ಗಾಡಿ. ಇಬ್ಬರಿಗಷ್ಟೇ ಜಾಗ, ತಲೆಯ ಮೇಲೆ ಬಟ್ಟೆಯ ಮಾಡು. 1989ರಲ್ಲಿ ಷಿಕಾಗೋದ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಪುಟ್ಟ ಕಾರಿಗೆ ಜಗತ್ತಿನಾದ್ಯಂತ ಭಕ್ತರಿದ್ದಾರಂತೆ. ನಾನು ಬೇಸಿಗೆ ರಜೆಗೆಂದು ಹೋದಾಗ ಅವನು ಯಾರಿಂದಲೋ ನಾಲ್ಕು ಅಲಾಯ್ ಚಕ್ರಗಳನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡು ಅಂಗಳದಲ್ಲಿ ಜೋಡಿಸಿಟ್ಟಿದ್ದ.

"ಹಾಕಿ ನೋಡಿದೆ ಅಮ್ಮ, ಒಳಗೆ ಹೂತುಹೋದ ಹಾಗೆ ಕಾಣುತ್ತೆ. ಸ್ಪೇಸರ್ ಹಾಕಿ ಹೊರಗೆ ತರಬೇಕು," ಎಂದ.

ಸ್ಪೇಸರ್ ಎಂದರೆ ನಡುವೆ ತೂತಿರುವ ಒಂದು ಅಲ್ಯೂಮಿನಿಯಂ ಬಿಲ್ಲೆ. ಚಕ್ರಕ್ಕೂ ಅದನ್ನು ಹೊತ್ತು ತಿರುಗುವ ಹಬ್ಬಿಗೂ ನಡುವೆ ಕೂರುತ್ತದೆ. ಎತ್ತಿನ ಗಾಡಿಯಲ್ಲಿ ಕಡೆಗೀಲು ಕಳಚಿದರೆ ಏನಾಗುತ್ತದೆಂದು ಕಂಡು ಬೆಳೆದವಳು ನಾನು. ಬೆಟ್ಟದ ತಿರುವುಗಳಲ್ಲಿ ಹೋಗುವ ಹುಡುಗ, ಅವನ ಚಕ್ರಕ್ಕೂ ಗಾಡಿಗೂ ನಡುವೆ ಅಂಗಡಿಯಲ್ಲಿ ಸಿಗುವ ಒಂದು ಬಿಲ್ಲೆ! "ಚೆಂದಕ್ಕೆ ಅಂತ ಹಾಕೋದಾದರೆ ಬೇಡ. ಲೆಕ್ಕ ಸರಿಯಿದ್ದರೆ ಹಾಕು. ಮೊದಲು ನನಗೆ ಲೆಕ್ಕ ತೋರಿಸು," ಎಂದೆ.

ಲೆಕ್ಕದ ಬುಡವೇ ಆಫ್‌ಸೆಟ್. ಚಕ್ರದ ರಿಮ್ಮನ್ನು ಅಗಲದಲ್ಲಿ ಸರಿಯಾಗಿ ಅರ್ಧ ಮಾಡುವ ಒಂದು ಗೆರೆ ಎಳೆದುಕೊಳ್ಳಿ. ಚಕ್ರ ಹಬ್ಬಿಗೆ ಅಂಟಿಕೊಳ್ಳುವ ಮುಖ ಆ ಗೆರೆಯಿಂದ ಎಷ್ಟು ದೂರದಲ್ಲಿದೆಯೋ ಅದೇ ಆಫ್‌ಸೆಟ್. ಮುಖ ಗೆರೆಯ ಹೊರಮಗ್ಗುಲಿಗಿದ್ದರೆ ಧನ, ಒಳಮಗ್ಗುಲಿಗಿದ್ದರೆ ಋಣ. ಧನಸಂಖ್ಯೆ ದೊಡ್ಡದಾದಷ್ಟೂ ಚಕ್ರ ಗಾಡಿಯ ಒಳಗೆ ಸರಿಯುತ್ತದೆ. ಚಕ್ರದ ಮೇಲೆ 'ಇಟಿ 45' ಎಂದು ಅಚ್ಚಾಗಿರುತ್ತದಲ್ಲ, ಆ ಇಟಿ ಎಂಬುದು ಐನ್‌ಪ್ರೆಸ್‌ಟೀಫೆ ಎಂಬ ಜರ್ಮನ್ ಪದದ ಮೊಟಕು ರೂಪ. ಒತ್ತಿ ಕೂರಿಸಿದ ಆಳ ಎಂದರ್ಥ. ಇಂಗ್ಲಿಷಿನ ಆಫ್‌ಸೆಟ್‌ಗಿಂತ ಇದೇ ನನಗೆ ಹಿಡಿಸಿತು, ಹೆಸರಿನಲ್ಲೇ ಚಿತ್ರವಿದೆ.

ಮಜ್ದಾದವರು ಆ ಕಾರಿಗೆ ಕೊಟ್ಟಿದ್ದ ಚಕ್ರ 14 ಇಂಚು ಎತ್ತರ, ಐದೂವರೆ ಇಂಚು ಅಗಲ, ಆಫ್‌ಸೆಟ್ 45 ಮಿಲಿಮೀಟರು. ಇವನು ತಂದದ್ದು 15 ಇಂಚಿನದು, ಆರೂವರೆ ಅಗಲ, ಆಫ್‌ಸೆಟ್ ಮತ್ತೆ 45. "ಆಫ್‌ಸೆಟ್ ಅದೇ ಇದೆ, ಆದ್ದರಿಂದ ಚಕ್ರ ಇದ್ದಲ್ಲೇ ಇದೆ," ಎಂದು ಅವನ ಗೆಳೆಯರ ವಾದ. ಇಲ್ಲೇ ನೋಡಿ ಕೈತಪ್ಪುವುದು. ನಡುಗೆರೆ ಇದ್ದಲ್ಲೇ ಇದೆ, ನಿಜ. ಆದರೆ ಅಗಲ ಒಂದು ಇಂಚು, ಅಂದರೆ 25.4 ಮಿಲಿಮೀಟರು ಹೆಚ್ಚಿದೆ. ಅದರಲ್ಲಿ ಅರ್ಧ, 12.7, ಹೊರಗೆ ಬರುತ್ತದೆ. ಇನ್ನರ್ಧ ಒಳಗೆ ಹೋಗಿ ಸಸ್ಪೆನ್ಷನ್ನಿನ ಪಕ್ಕಕ್ಕೆ ಒತ್ತಿಕೊಳ್ಳುತ್ತದೆ. ಕಣ್ಣಿಗೆ ಕಾಣುವುದು ಹೊರಗಿನದು. ತೊಂದರೆ ಕೊಡುವುದು ಹಲವು ಸಲ ಒಳಗಿನದು.

ಸ್ಪೇಸರ್ ಎಷ್ಟು ದಪ್ಪವೋ ಅಷ್ಟನ್ನು ಆಫ್‌ಸೆಟ್ಟಿನಿಂದ ಕಳೆಯಬೇಕು. 15 ಮಿಲಿಮೀಟರಿನ ಬಿಲ್ಲೆ ಹಾಕಿದರೆ 45 ಹೋಗಿ 30 ಆಗುತ್ತದೆ. ಆಗ ಒಳಗೆ ಮೂಲ ಚಕ್ರಕ್ಕಿಂತ 2.3 ಮಿಲಿಮೀಟರು ಹೆಚ್ಚೇ ಜಾಗ ಸಿಗುತ್ತದೆ, ಹೊರಗೆ 27.7 ಚಾಚುತ್ತದೆ. ಅವನ ಮನಸ್ಸಿನಲ್ಲಿದ್ದದ್ದು 25ರದು. ಅದಕ್ಕೆ ಹೊರಚಾಚು 37.7. ಇಷ್ಟನ್ನು ಹಳೆಯ ಲಕೋಟೆಯ ಬೆನ್ನ ಮೇಲೆ ಬರೆದಾಗ ಅವನು ತುಸು ಮೆತ್ತಗಾದ.

ಚಾಚಿದರೆ ಏನು ಎಂದು ಕೇಳಬಹುದು. ಸೊಂಟದ ಮೇಲೆ ನೀರಿನ ಕೊಡ ಹೊತ್ತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದೇ ಕೊಡವನ್ನು ಕೈಚಾಚಿ ಹಿಡಿದುಕೊಂಡು ನಾಲ್ಕು ಹೆಜ್ಜೆ ನಡೆಯಿರಿ, ಗೊತ್ತಾಗುತ್ತದೆ. ನೀರು ಅಷ್ಟೇ, ಭುಜಕ್ಕೆ ಬೀಳುವ ಭಾರ ಬೇರೆ. ಚಕ್ರ ಹೊರಗೆ ಸರಿದಷ್ಟೂ ಬೇರಿಂಗಿನ ಮೇಲೆ ಅಂಥ ಎಳೆತ ಹೆಚ್ಚುತ್ತದೆ. ಮುಂದಿನ ಚಕ್ರಗಳಿಗೆ ಇನ್ನೊಂದು ತಕರಾರಿದೆ. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಒಂದು ಓರೆ ಅಕ್ಷದ ಮೇಲೆ ಹೊರಳುತ್ತದೆ. ಆ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ಮುಟ್ಟುವ ಬಿಂದುವಿಗೂ ಟೈರಿನ ನಡುವಿಗೂ ಇರುವ ಅಂತರವನ್ನು ಕಾರು ಕಟ್ಟಿದವರು ಯೋಚಿಸಿ ಇಟ್ಟಿರುತ್ತಾರೆ. ಅಗಲದ ರಿಮ್ಮಿನಿಂದ ಈ ಅಂತರ ಕದಲುವುದಿಲ್ಲ, ಸ್ಪೇಸರಿನಿಂದ ಕದಲುತ್ತದೆ. ಕದಲಿದಷ್ಟೂ ರಸ್ತೆಯ ಗುಂಡಿ, ಗೀರುಗಳೆಲ್ಲ ಸ್ಟೀರಿಂಗಿನಲ್ಲಿ ಕೈಗೆ ತಿಳಿಯತೊಡಗುತ್ತವೆ; ಒಂದು ಮಗ್ಗುಲ ಚಕ್ರ ಮಾತ್ರ ಜಾರುವ ನೆಲದಲ್ಲಿದ್ದಾಗ ಬ್ರೇಕ್ ಒತ್ತಿದರೆ ಕಾರು ಎಳೆಯುವ ರೀತಿಯೇ ಬದಲಾಗುತ್ತದೆ.

"ಹಾಗಿದ್ದರೆ 5 ಮಿಲಿಮೀಟರಿನದೇ ಸಾಕು, ತೆಳ್ಳಗಿದ್ದಷ್ಟೂ ಒಳ್ಳೆಯದಲ್ಲವಾ?" ಎಂದ. ಕೇಳಲು ಎಷ್ಟು ಸಾಧುವಾಗಿದೆ! ಆದರೆ ತೆಳು ಬಿಲ್ಲೆಯಲ್ಲಿ ಬೇರೆಯೇ ಮೋಸವಿದೆ. ಎಂಎಕ್ಸ್-5ರ ಹಬ್ಬಿನಿಂದ ಸ್ಟಡ್‌ಗಳು ಹೊರಗೆ ಚಾಚಿಕೊಂಡಿರುತ್ತವೆ, ಅವುಗಳ ಮೇಲೆ ನಟ್ ತಿರುಗಿಸುವುದು. ಸ್ಟಡ್ಡಿನ ದಪ್ಪ 12 ಮಿಲಿಮೀಟರು, ಒಂದು ಸುತ್ತಿಗೆ ನಟ್ ಒಂದೂವರೆ ಮಿಲಿಮೀಟರು ಮುಂದೆ ಹೋಗುತ್ತದೆ. ಸ್ಟಡ್ಡಿನ ದಪ್ಪದಷ್ಟಾದರೂ ನಟ್ ಹಿಡಿದಿರಬೇಕೆಂಬುದು ರೂಢಿಯ ನಿಯಮ. ಅಂದರೆ ಎಂಟು ಸುತ್ತು. ಬರಿಯ ಚಕ್ರಕ್ಕೆ ನಟ್ ತಿರುಗಿಸಿ ಎಣಿಸು ಎಂದೆ. ಹನ್ನೊಂದು ಸುತ್ತು ಬಂತು. ನಡುವೆ 5 ಮಿಲಿಮೀಟರು ತೂರಿಸಿದರೆ ಮೂರು ಸುತ್ತಿಗೂ ಮಿಕ್ಕಿ ಹೋಯಿತು, ಎಂಟು ಉಳಿಯಲಿಲ್ಲ. ಉದ್ದದ ಸ್ಟಡ್ ಹಾಕಿಸದೆ ಆ ಬಿಲ್ಲೆ ಕೂಡದು. ಜೊತೆಗೆ, ಹಬ್ಬಿನ ನಡುವೆ ಒಂದು ಅಂಚು ಉಬ್ಬಿರುತ್ತದೆ, ಈ ಕಾರಿನಲ್ಲಿ ಅದರ ವ್ಯಾಸ 54.1 ಮಿಲಿಮೀಟರು. ಚಕ್ರವನ್ನು ಕೇಂದ್ರದಲ್ಲಿ ಕೂರಿಸುವುದು ಅದೇ. ತೆಳು ಬಿಲ್ಲೆ ಆ ಅಂಚನ್ನು ನುಂಗಿಬಿಟ್ಟರೆ ಚಕ್ರ ಕೂದಲೆಳೆಯಷ್ಟು ಓಸರಿಸಿ ಕೂತು, ವೇಗ ಹೆಚ್ಚಿದಾಗ ಅದುರಬಹುದು.

15ರದ್ದು ಬೇರೆ ಜಾತಿ. ಅದನ್ನು ಮೊದಲು ಅದರದೇ ನಟ್‌ಗಳಿಂದ ಹಬ್ಬಿಗೆ ಬಿಗಿಯಬೇಕು, ಆಮೇಲೆ ಅದರದೇ ಸ್ಟಡ್‌ಗಳಿಗೆ ಚಕ್ರ. ತನ್ನದೇ ಆದ 54.1ರ ಅಂಚೂ ಅದಕ್ಕಿರುತ್ತದೆ. ಕಾರಿನ ಹಳೆಯ ಸ್ಟಡ್‌ಗಳ ತುದಿ ಮಾತ್ರ ಬಿಲ್ಲೆಯನ್ನು ದಾಟಿ ಹೊರಗೆ ಇಣುಕುತ್ತದೆ. ಚಕ್ರದ ಹಿಂಬದಿಯಲ್ಲಿ ಅವಕ್ಕೆ ಗುಳಿಗಳಿಲ್ಲದಿದ್ದರೆ ಚಕ್ರ ಸಮನಾಗಿ ಕೂರದು. ಇವನ ಚಕ್ರ ಬೋರಲು ಹಾಕಿ ನೋಡಿದೆವು. ಗುಳಿಗಳಿದ್ದವು, ಪುಣ್ಯಕ್ಕೆ.

ಜರ್ಮನಿಯಲ್ಲಿ ಇಷ್ಟಕ್ಕೇ ಮುಗಿಯುವುದಿಲ್ಲ. ಸ್ಪೇಸರಿಗೆ ಪರಿಣತರ ಪ್ರಮಾಣಪತ್ರ ಬೇಕು, ಸಾಮಾನ್ಯವಾಗಿ ಟ್ಯೂಫ್‌ನಂಥ ತಪಾಸಣಾ ಸಂಸ್ಥೆಯಲ್ಲಿ ಗಾಡಿ ತೋರಿಸಬೇಕು. ಚಕ್ರದ ಕೇಂದ್ರದಿಂದ ನೇರ ಮೇಲಕ್ಕೆ ಎಳೆದ ಗೆರೆಯ ಮುಂದೆ 30 ಡಿಗ್ರಿ, ಹಿಂದೆ 50 ಡಿಗ್ರಿವರೆಗೆ ಟೈರಿನ ನೆಲ ಮುಟ್ಟುವ ಭಾಗವನ್ನು ಕಾರಿನ ಮೈ ಮುಚ್ಚಿರಬೇಕು ಎಂಬುದು ಯೂರೋಪಿನ ನಿಯಮ. ಸಕಲೇಶಪುರದ ಕಡೆ ಚಕ್ರ ಹೊರಚಾಚಿದ ಜೀಪಿನ ಹಿಂದೆ ಮಳೆಗಾಲದಲ್ಲಿ ಸ್ಕೂಟರಿನಲ್ಲಿ ಹೋದವರಿಗೆ ಈ ನಿಯಮದ ಬೆಲೆ ಗೊತ್ತು. ಕಂಪಾಸು ಪೆಟ್ಟಿಗೆಯ ಕೋನಮಾಪಕ ಹಿಡಿದು, ದಾರಕ್ಕೆ ಬೀಗದ ಕೈ ಕಟ್ಟಿ ತೂಗುಗುಂಡು ಮಾಡಿ, ಆ ಪುಟ್ಟ ಕಾರಿನ ಪಕ್ಕ ನಾನು ಕುಕ್ಕರಗಾಲಲ್ಲಿ ಕೂತೆ. ಪಕ್ಕದ ಮನೆಯ ಅಜ್ಜಿ ಕಿಟಕಿಯಿಂದ ಕದಲಲೇ ಇಲ್ಲ. 15ರಲ್ಲಿ ಟೈರು ಒಳಗೇ ಉಳಿಯುತ್ತಿತ್ತು. 25ರಲ್ಲಿ ಇಲ್ಲ.

ತಪಾಸಣೆಯವನು ಎದುರುಬದುರು ಮೂಲೆಯ ಎರಡು ಚಕ್ರಗಳನ್ನು ದಿಮ್ಮಿಯ ಮೇಲೆ ಹತ್ತಿಸಿ, ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ, ಟೈರು ಎಲ್ಲಾದರೂ ಉಜ್ಜುತ್ತದೆಯೇ ಎಂದು ಬೆರಳು ಹಾಕಿ ನೋಡಿದ. ಮಾತಿಲ್ಲದೆ ಸಹಿ ಹಾಕಿದ.

ಮರಳುವಾಗ ಮಗ, "ಸ್ಟೀರಿಂಗ್ ಸ್ವಲ್ಪ ಚುರುಕಾಗಿ ಮಾತಾಡ್ತಾ ಇದೆ ಅಮ್ಮ," ಎಂದ. ಹೊಗಳಿಕೆಯೋ ದೂರೋ ನಾನು ಕೇಳಲಿಲ್ಲ. ಹೊಸದಾಗಿ ಬಿಗಿದ ನಟ್‌ಗಳನ್ನು ಐವತ್ತು ಕಿಲೋಮೀಟರು ಓಡಿದ ಮೇಲೆ ಮತ್ತೆ ನೋಡಬೇಕೆಂದು ಸ್ಪೇಸರಿನ ಜೊತೆ ಬಂದ ಚೀಟಿಯಲ್ಲಿತ್ತು. ಭಾನುವಾರ ಸಂಜೆ ಒಂದೊಂದೇ ಚಕ್ರ ಬಿಚ್ಚಿ, ಒಳಗಿನ ನಾಲ್ಕು, ಹೊರಗಿನ ನಾಲ್ಕು ಎಂದು ಟಾರ್ಕ್ ರೆಂಚ್ ಹಾಕಿದ. ಸರಿಯಾದ ಬಿಗಿ ಬಂದಾಗ ಅದು 'ಟಕ್' ಎನ್ನುತ್ತದೆ. ಮೆಟ್ಟಿಲ ಮೇಲೆ ಕೂತು ಎಣಿಸಿದೆ. ಮೂವತ್ತೆರಡು ಬರಬೇಕಿತ್ತು. ಮೂವತ್ತೊಂದಕ್ಕೇ ಅವನು ರೆಂಚ್ ಒರೆಸಿಡಲು ಹೊರಟಾಗ, "ಇನ್ನೊಂದು ಇದೆ ನೋಡೋ," ಎಂದೆ.